ಬ್ಯಾಂಕ್ ಪಿಂಚಣಿ ಇಲ್ಲವೆಂದರೆ: ಯಾವ ಕಾಗದ ಹುಡುಕಬೇಕು, ಯಾವ ಬಾಗಿಲು ತಟ್ಟಬೇಕು

‘ಪಿಂಚಣಿ ನಿಯಮಾವಳಿಯ ಪ್ರಕಾರ ನೀವು ಅರ್ಹರಲ್ಲ.’ ಇಪ್ಪತ್ತೈದು, ಮೂವತ್ತು ವರ್ಷ ಕೌಂಟರಿನಲ್ಲಿ ಕುಳಿತು ಊರಿನವರ ಹಣದ ಲೆಕ್ಕ ಬರೆದವರಿಗೆ ಬ್ಯಾಂಕಿನ ಎಚ್‌ಆರ್ ವಿಭಾಗದಿಂದ ಬರುವ ಪತ್ರ ಬಹಳ ಸಲ ಇಷ್ಟೇ ಉದ್ದ ಇರುತ್ತದೆ. ಯಾವ ನಿಯಮ, ಏಕೆ ಅರ್ಹರಲ್ಲ, ಯಾರಿಗೆ ಮೇಲ್ಮನವಿ ಸಲ್ಲಿಸಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಓದಿದವರು ಒಂದೋ ಕೈಚೆಲ್ಲಿ ಕೂರುತ್ತಾರೆ, ಇಲ್ಲವೇ ಮರುದಿನವೇ ವಕೀಲರ ಕಚೇರಿಗೆ ಓಡುತ್ತಾರೆ. ಎರಡೂ ಅವಸರವೇ. ಪಿಂಚಣಿ ಯಾವ ಕಾರಣಕ್ಕೆ ಹೋಯಿತು ಎಂಬುದು ಬರವಣಿಗೆಯಲ್ಲಿ ಕೈಗೆ ಸಿಗುವವರೆಗೆ ಕಾನೂನಿನ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವುದು ಸಾಧ್ಯವಿಲ್ಲ. ಒಂದೊಂದು ಕಾರಣಕ್ಕೂ ಉತ್ತರ ಬೇರೆ. ಕೆಲವಕ್ಕೆ ಸುಪ್ರೀಂ ಕೋರ್ಟಿನ ಗಟ್ಟಿ ತೀರ್ಪುಗಳು ನೌಕರರ ಪರವಾಗಿವೆ, ಕೆಲವಕ್ಕೆ ವಿರುದ್ಧವಾಗಿವೆ.

ಮೊದಲು ಒಂದು ಸಣ್ಣ ವಿಷಯ ತೀರಿಸಿಕೊಳ್ಳೋಣ. ಬರುತ್ತಿದ್ದ ಪಿಂಚಣಿ ಹಠಾತ್ತನೆ ನಿಂತಿದ್ದರೆ ಮೊದಲು ನೋಡಬೇಕಾದದ್ದು ಜೀವಂತ ಪ್ರಮಾಣಪತ್ರ. ನವೆಂಬರಿನಲ್ಲಿ ಕೊಡಬೇಕಾದ ಈ ಪ್ರಮಾಣಪತ್ರ ತಪ್ಪಿಹೋದರೆ ಪಾವತಿ ನಿಲ್ಲುತ್ತದೆ. ಶಾಖೆಗೆ ಹೋಗಿ ಅಥವಾ ‘ಜೀವನ್ ಪ್ರಮಾಣ್’ ಮೂಲಕ ಸಲ್ಲಿಸಿದರೆ ಬಾಕಿಯ ಸಮೇತ ಮತ್ತೆ ಬರುತ್ತದೆ. ಇದಕ್ಕೆ ಕೋರ್ಟು ಕಚೇರಿ ಬೇಕಿಲ್ಲ. ಈ ಲೇಖನ ಇರುವುದು ಪಿಂಚಣಿಯ ಹಕ್ಕೇ ಇಲ್ಲ ಎಂದು ಹೇಳಿಸಿಕೊಂಡವರಿಗಾಗಿ.

ನಿಮ್ಮ ಪಿಂಚಣಿಯ ಬೇರು ಎಲ್ಲಿದೆ

ಬ್ಯಾಂಕ್ ನೌಕರರ ಪಿಂಚಣಿ ಸರ್ಕಾರಿ ನೌಕರರ ಪಿಂಚಣಿಯಂತಲ್ಲ. 1993ಕ್ಕೆ ಮೊದಲು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ನಿವೃತ್ತರಿಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಗ್ರಾಚ್ಯುಟಿ ಮತ್ತು ಬ್ಯಾಂಕಿನ ಪಾಲೂ ಸೇರಿದ ಪ್ರಾವಿಡೆಂಟ್ ಫಂಡ್. 1993ರ ಅಕ್ಟೋಬರ್ 29ರಂದು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳ ನಡುವೆ ಒಪ್ಪಂದವಾಯಿತು: ಪಿಎಫ್‌ನಲ್ಲಿನ ಬ್ಯಾಂಕಿನ ಪಾಲನ್ನು ಬಿಟ್ಟುಕೊಡುವ ನೌಕರರಿಗೆ ಅದರ ಬದಲು ಪಿಂಚಣಿ. ಇದರ ಆಧಾರದ ಮೇಲೆ 1995ರ ಸೆಪ್ಟೆಂಬರ್‌ನಲ್ಲಿ ಪ್ರತಿಯೊಂದು ಬ್ಯಾಂಕೂ ‘ನೌಕರರ ಪಿಂಚಣಿ ನಿಯಮಾವಳಿ, 1995’ ಜಾರಿಗೆ ತಂದಿತು. ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಯ ಅಧಿಕಾರದ ಅಡಿಯಲ್ಲಿ ಬಂದ ನಿಯಮಗಳಾದ್ದರಿಂದ ಇವಕ್ಕೆ ಶಾಸನದ ಬಲವಿದೆ. ಆಡಳಿತ ಮಂಡಳಿಗೆ ಮನಸ್ಸು ಬಂದರೆ ಕೊಡುವ, ಬಾರದಿದ್ದರೆ ಬಿಡುವ ಸವಲತ್ತು ಇದಲ್ಲ. ಬ್ಯಾಂಕ್ ಬೇರೆಯಾದರೂ ನಿಯಮಗಳ ಸಂಖ್ಯೆ ಮತ್ತು ಒಕ್ಕಣೆ ಬಹುಮಟ್ಟಿಗೆ ಒಂದೇ. ಹಾಗಾಗಿ ಒಂದು ಬ್ಯಾಂಕಿನ ನಿಯಮ 22ರ ಬಗ್ಗೆ ಬಂದ ತೀರ್ಪು ಇನ್ನೊಂದು ಬ್ಯಾಂಕಿನವರಿಗೂ ಉಪಯೋಗಕ್ಕೆ ಬರುತ್ತದೆ.

ಪಿಂಚಣಿಯ ಲೆಕ್ಕ ಸರಳ. ಕೊನೆಯ ಹತ್ತು ತಿಂಗಳ ಸರಾಸರಿ ವೇತನದ ಅರ್ಧ, ಪೂರ್ಣ 33 ವರ್ಷ ಸೇವೆ ಮಾಡಿದವರಿಗೆ. ಸೇವೆ ಕಡಿಮೆಯಾದಷ್ಟೂ ಅದೇ ಪ್ರಮಾಣದಲ್ಲಿ ಕಡಿಮೆ. ಕನಿಷ್ಠ ಹತ್ತು ವರ್ಷದ ಅರ್ಹ ಸೇವೆ ಬೇಕು.

2010ರ ಏಪ್ರಿಲ್ 1 ಅಥವಾ ನಂತರ ಸೇರಿದವರಿಗೆ ಈ ನಿಯಮಾವಳಿ ಅನ್ವಯಿಸುವುದಿಲ್ಲ, ಅವರದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಸ್ಟೇಟ್ ಬ್ಯಾಂಕಿಗೆ ತನ್ನದೇ ಪಿಂಚಣಿ ನಿಧಿ ನಿಯಮಗಳಿವೆ. ಗ್ರಾಮೀಣ ಬ್ಯಾಂಕುಗಳ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಹಲವು ಈಗ ಹೆಸರು ಕಳೆದುಕೊಂಡಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ‘ನಾನು ಕೆಲಸ ಮಾಡಿದ ಬ್ಯಾಂಕೇ ಈಗ ಇಲ್ಲವಲ್ಲ’ ಎಂದು ಯಾರೂ ಹಿಂಜರಿಯಬೇಕಿಲ್ಲ. ವಿಲೀನದೊಂದಿಗೆ ಹಳೆಯ ಬ್ಯಾಂಕಿನ ಹೊಣೆಗಳೂ ಹೊಸ ಬ್ಯಾಂಕಿಗೆ ವರ್ಗವಾಗಿವೆ, ಅರ್ಜಿ ಅದರ ವಿಳಾಸಕ್ಕೆ ಹೋಗಬೇಕು.

ರಾಜೀನಾಮೆ ಎಂಬ ಗಂಟು

ಪಿಂಚಣಿ ನಿರಾಕರಣೆಯಲ್ಲಿ ಅತಿ ನೋವಿನ ಪ್ರಕರಣಗಳು ಹುಟ್ಟುವುದು ಇಲ್ಲಿಂದ. ನಿಯಮ 22 ಹೇಳುವುದು ಇಷ್ಟು: ರಾಜೀನಾಮೆ, ವಜಾ, ಸೇವೆಯಿಂದ ತೆಗೆದುಹಾಕುವಿಕೆ ಅಥವಾ ಸೇವೆಯ ಮುಕ್ತಾಯ ಆದರೆ ಹಿಂದಿನ ಸೇವೆಯೆಲ್ಲ ನಷ್ಟ, ಪಿಂಚಣಿ ಇಲ್ಲ. ನಿಯಮ 29 ಹೇಳುವುದು ಬೇರೆ: ಇಪ್ಪತ್ತು ವರ್ಷ ಅರ್ಹ ಸೇವೆ ಮುಗಿಸಿದವರು ಮೂರು ತಿಂಗಳ ಲಿಖಿತ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆಯಬಹುದು, ಪಿಂಚಣಿ ಉಂಟು. ಇಪ್ಪತ್ತೆರಡು ವರ್ಷ ದುಡಿದ ಒಬ್ಬ ಅಧಿಕಾರಿ ತಾಯಿಯ ಕಾಯಿಲೆಗಾಗಿ ಊರಿಗೆ ಮರಳಬೇಕಾಗಿ ‘ರಾಜೀನಾಮೆ ಸ್ವೀಕರಿಸಬೇಕಾಗಿ ವಿನಂತಿ’ ಎಂದು ಬರೆದುಕೊಟ್ಟರು ಎಂದಿಟ್ಟುಕೊಳ್ಳಿ. ಅವರ ಪಕ್ಕದ ಮೇಜಿನವರು ಅಷ್ಟೇ ಸೇವೆ ಮಾಡಿ, ಅದೇ ಕಾರಣಕ್ಕೆ ‘ಸ್ವಯಂ ನಿವೃತ್ತಿ’ ಕೋರಿದರು. ಒಬ್ಬರಿಗೆ ಸಾಯುವವರೆಗೂ ಪಿಂಚಣಿ, ಅವರ ನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಇನ್ನೊಬ್ಬರಿಗೆ ಏನೂ ಇಲ್ಲ.

ಇದು ಅನ್ಯಾಯವೆಂದು ಅನಿಸುವುದು ಸಹಜ, ನನಗೂ ಅನಿಸುತ್ತದೆ. ಆದರೆ ಕಾನೂನಿನ ಸ್ಥಿತಿಯನ್ನು ಮರೆಮಾಚಿ ಯಾರಲ್ಲೂ ಆಸೆ ಹುಟ್ಟಿಸಬಾರದು. 2004ರಲ್ಲಿ ಯೂಕೋ ಬ್ಯಾಂಕ್ ಮತ್ತು ಸನ್ವರ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿಯಮ 22 ಸಿಂಧು, ರಾಜೀನಾಮೆ ಮತ್ತು ನಿವೃತ್ತಿ ಬೇರೆ ಬೇರೆ ಎಂದಿತು. 2011ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ನೌಕರರೊಬ್ಬರ ಪ್ರಕರಣದಲ್ಲಿ ನ್ಯಾಯಾಲಯ ಸ್ವಲ್ಪ ಬಾಗಿಲು ತೆರೆಯಿತು. ಇಪ್ಪತ್ತು ವರ್ಷ ಸೇವೆ ಮುಗಿದಿದೆ, ನಿಯಮದ ಪ್ರಕಾರ ನೋಟಿಸ್ ಕೊಟ್ಟಿದ್ದಾರೆ, ಬಿಟ್ಟ ಕಾಲಕ್ಕೆ ಪಿಂಚಣಿ ಯೋಜನೆಯೇ ಇರಲಿಲ್ಲ, ಆದ್ದರಿಂದ ಅದನ್ನು ಸ್ವಯಂ ನಿವೃತ್ತಿ ಎಂದೇ ಓದಬೇಕು ಎಂದಿತು. 2019ರಲ್ಲಿ ಎಲ್‌ಐಸಿ ಪ್ರಕರಣದ ತ್ರಿಸದಸ್ಯ ಪೀಠ ಮತ್ತು ಅದೇ ವರ್ಷದ ಬಿಎಸ್‌ಇಎಸ್ ಯಮುನಾ ಪವರ್ ತೀರ್ಪು ಆ ಬಾಗಿಲನ್ನು ಮತ್ತೆ ಬಹುಮಟ್ಟಿಗೆ ಮುಚ್ಚಿದವು. ರಾಜೀನಾಮೆಗೆ ರಾಜೀನಾಮೆಯ ಪರಿಣಾಮವೇ, ಸೇವೆ ಎಷ್ಟೇ ದೀರ್ಘವಾಗಿರಲಿ ಎಂಬುದು ಈಗಿನ ನಿಲುವು.

ಹಾಗಾದರೆ ರಾಜೀನಾಮೆ ಕೊಟ್ಟವರಿಗೆ ದಾರಿಯೇ ಇಲ್ಲವೇ? ಎರಡು ಕಡೆ ಇದೆ. ಮೊದಲನೆಯದು ನಿಮ್ಮ ಪತ್ರ ಮತ್ತು ಬ್ಯಾಂಕಿನ ರಿಲೀವಿಂಗ್ ಆರ್ಡರ್. ಪತ್ರದಲ್ಲಿ ನಿವೃತ್ತಿ ಕೋರಿದ್ದು, ಬ್ಯಾಂಕ್ ತಾನಾಗಿ ಅದನ್ನು ರಾಜೀನಾಮೆ ಎಂದು ದಾಖಲಿಸಿದ್ದರೆ ನಿಮ್ಮ ಪ್ರಕರಣ ಬಲವಾದದ್ದು. ನೋಟಿಸ್ ಅವಧಿ ಮುಗಿಯುವ ಮೊದಲು ಬ್ಯಾಂಕ್ ನಿರಾಕರಿಸದಿದ್ದರೆ ನಿಯಮ 29ರ ಪ್ರಕಾರ ಸ್ವಯಂ ನಿವೃತ್ತಿ ತಾನಾಗಿಯೇ ಜಾರಿಗೆ ಬರುತ್ತದೆ ಎಂಬುದನ್ನೂ ನೆನಪಿಡಿ. ಎರಡನೆಯದು ಕೋರ್ಟಿನ ಹೊರಗಿನದು. ಈಚಿನ ವರ್ಷಗಳಲ್ಲಿ ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳ ಮಾತುಕತೆಯಲ್ಲಿ ರಾಜೀನಾಮೆ ಕೊಟ್ಟ ಒಂದು ವರ್ಗಕ್ಕೆ ಷರತ್ತುಗಳ ಮೇಲೆ ಪಿಂಚಣಿ ಆಯ್ಕೆ ಕೊಡುವ ತೀರ್ಮಾನ ಆಗಿದೆ. ಹತ್ತು ವರ್ಷದ ಹಿಂದೆ ಕೈಬಿಟ್ಟ ಕಡತವನ್ನು ಮತ್ತೊಮ್ಮೆ ತೆಗೆಯಲು ಇದೊಂದೇ ಸಾಕು. ನಿಮ್ಮ ಬ್ಯಾಂಕಿನ ಸುತ್ತೋಲೆಯಲ್ಲಿ ನಿಮ್ಮ ಸೇರ್ಪಡೆ ಮತ್ತು ರಾಜೀನಾಮೆಯ ದಿನಾಂಕಗಳು ಒಳಗೆ ಬರುತ್ತವೆಯೇ ಎಂದು ನಿವೃತ್ತರ ಸಂಘದವರ ಬಳಿ ಕೂತು ಪರಿಶೀಲಿಸಿ.

2000–01ರ ವಿಶೇಷ ಸ್ವಯಂ ನಿವೃತ್ತಿ ಯೋಜನೆಯಾದ ವಿಆರ್‌ಎಸ್‌ನಲ್ಲಿ ಹೊರಬಂದವರದು ಇನ್ನೊಂದು ಗುಂಪು. ಅವರಿಗೆ ನಿಯಮ 29(5)ರಲ್ಲಿನ ಐದು ವರ್ಷದ ಹೆಚ್ಚುವರಿ ಸೇವೆಯನ್ನು ಬ್ಯಾಂಕುಗಳು ಕೊಡಲಿಲ್ಲ. ಬ್ಯಾಂಕ್ ಆಫ್ ಇಂಡಿಯಾ ಮತ್ತು ಕೆ. ಮೋಹನದಾಸ್ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಇಪ್ಪತ್ತು ವರ್ಷ ಸೇವೆ ಮುಗಿಸಿದ್ದವರಿಗೆ ಅದು ಸಲ್ಲುತ್ತದೆ ಎಂದು ಹೇಳಿತು. ಬ್ಯಾಂಕ್ ತಾನೇ ಕೊಟ್ಟ ಯೋಜನೆಯ ಒಕ್ಕಣೆಯಲ್ಲಿ ಸಂದಿಗ್ಧವಿದ್ದರೆ ಅದರ ಹೊರೆಯನ್ನು ಬ್ಯಾಂಕೇ ಹೊರಬೇಕು ಎಂಬುದು ಆ ತೀರ್ಪಿನ ತಿರುಳು.

‘ಆಪ್ಷನ್ ಕೊಟ್ಟಿಲ್ಲ’ ಎಂದರೆ

ಪಿಂಚಣಿ ಕೇಳಿ ಪಡೆಯಬೇಕಾದ ಯೋಜನೆ ಆಗಿತ್ತು. 1990ರ ದಶಕದಲ್ಲಿ ಬಹಳ ನೌಕರರು ಆಪ್ಷನ್ ಕೊಡಲಿಲ್ಲ. 2010ರ ಏಪ್ರಿಲ್ 27ರ ಒಪ್ಪಂದದಿಂದ ಎರಡನೆಯ ಅವಕಾಶ ಬಂತು. ಆಗಾಗಲೇ ನಿವೃತ್ತರಾಗಿದ್ದವರು ಅರವತ್ತು ದಿನದೊಳಗೆ ಆಯ್ಕೆಪತ್ರ ಕೊಟ್ಟು, ತಾವು ಪಡೆದಿದ್ದ ಬ್ಯಾಂಕಿನ ಪಿಎಫ್ ಪಾಲು ಮತ್ತು ಬಡ್ಡಿಯನ್ನೂ, ಅದರ ಮೇಲೆ ಶೇ 56ರಷ್ಟು ಹೆಚ್ಚುವರಿ ಮೊತ್ತವನ್ನೂ ಹಿಂದಿರುಗಿಸಬೇಕಿತ್ತು. ತೀರಿಕೊಂಡವರ ಕುಟುಂಬಕ್ಕೂ ಈ ಅವಕಾಶವಿತ್ತು.

ಇಲ್ಲಿ ಗೆಲುವು ಸೋಲು ನಿಂತಿರುವುದು ಕಾಗದದ ಮೇಲೆ. ಅವಧಿಯೊಳಗೆ ಅರ್ಜಿ ಕೊಟ್ಟಿದ್ದಕ್ಕೆ ಶಾಖೆಯ ಸ್ವೀಕೃತಿ ಮುದ್ರೆ, ರಿಜಿಸ್ಟರ್ಡ್ ಅಂಚೆಯ ರಸೀದಿ, ಹಣ ತುಂಬಿದ ಚಲನ್, ಏನಿದ್ದರೂ ಅದು ಚಿನ್ನ. ಅರ್ಜಿ ತಲುಪಿದ್ದೂ ಕೇಂದ್ರ ಕಚೇರಿಗೆ ಕಳಿಸದೆ ಶಾಖೆಯಲ್ಲೇ ಉಳಿದಿದ್ದರೆ ಆ ತಪ್ಪಿನ ಫಲವನ್ನು ನಿವೃತ್ತರ ತಲೆಗೆ ಕಟ್ಟಲಾಗದು ಎಂದು ವಾದಿಸಲು ಗಟ್ಟಿ ನೆಲೆಯಿದೆ. ಅರ್ಜಿಯನ್ನೇ ಕೊಡದೆ ವರ್ಷಗಳ ನಂತರ ಬಂದವರಿಗೆ ದಾರಿ ಕಿರಿದು. ರಿಟ್ ಅರ್ಜಿ ಹಾಕುವುದಾದರೆ ಪಿಎಫ್ ಪಾಲನ್ನು ಬಡ್ಡಿ ಸಮೇತ ಹಿಂದಿರುಗಿಸಲು ಸಿದ್ಧ ಎಂದು ಅರ್ಜಿಯಲ್ಲೇ ಬರೆಯಿಸಿ. ಅದಿಲ್ಲದೆ ಹೋದರೆ ‘ಎರಡೂ ಬೇಕೆನ್ನುತ್ತಾರೆ’ ಎಂದು ಬ್ಯಾಂಕಿನ ವಕೀಲರು ಮೊದಲ ಮಾತಿನಲ್ಲೇ ಹೇಳುತ್ತಾರೆ.

ಶಿಕ್ಷೆಯಾಗಿ ಹೊರಬಂದವರು

ಇಲಾಖಾ ವಿಚಾರಣೆಯ ನಂತರ ಹೊರಬಂದವರಲ್ಲಿ ಹಲವರು ತಮಗೇನೂ ಕೇಳುವ ಹಕ್ಕಿಲ್ಲ ಎಂದುಕೊಂಡು ಮಾನಕ್ಕಂಜಿ ಸುಮ್ಮನಾಗುತ್ತಾರೆ. ಮನೆಯವರಿಗೂ ಹೇಳುವುದಿಲ್ಲ. ಆದರೆ ನಿಯಮಾವಳಿ ಶಿಕ್ಷೆಗಳ ನಡುವೆ ಸ್ಪಷ್ಟ ವ್ಯತ್ಯಾಸ ಮಾಡಿದೆ. ಆದ್ದರಿಂದ ಶಿಕ್ಷೆಯ ಆದೇಶದ ಕೊನೆಯ ಪ್ಯಾರಾ ಅಕ್ಷರಕ್ಷರ ಓದಬೇಕು.

ಆದೇಶ ‘ಕಡ್ಡಾಯ ನಿವೃತ್ತಿ’ ಎಂದಿದ್ದರೆ ನಿಯಮ 33 ಅನ್ವಯ. ಪೂರ್ಣ ಪಿಂಚಣಿಯ ಮೂರನೇ ಎರಡು ಭಾಗಕ್ಕೆ ಕಡಿಮೆಯಾಗದಂತೆ ಪಿಂಚಣಿ ಕೊಡಬಹುದು. ಪೂರ್ಣಕ್ಕಿಂತ ಕಡಿಮೆ ಕೊಡುವುದಾದರೆ ಮೊದಲು ನಿರ್ದೇಶಕರ ಮಂಡಳಿಯನ್ನು ಸಮಾಲೋಚಿಸಬೇಕು. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಸಮಾಲೋಚನೆ ಕಡ್ಡಾಯ, ಅದು ಮೊದಲೇ ಆಗಬೇಕು, ಕತ್ತರಿಸಿದ ಮೇಲೆ ಮಂಡಳಿಯ ಒಪ್ಪಿಗೆ ಪಡೆದರೆ ಸಾಲದು ಎಂದಿತು. ನಿಮ್ಮ ಪಿಂಚಣಿ ಹೀಗೆ ಕಡಿತವಾಗಿದ್ದರೆ ಮಂಡಳಿಯ ನಿರ್ಣಯದ ದಿನಾಂಕ ಯಾವುದು ಎಂದು ಕೇಳುವುದೇ ನಿಮ್ಮ ಮೊದಲ ಕೆಲಸ.

ಕ್ಲಾರ್ಕ್ ಮತ್ತು ಸಬ್‌ಸ್ಟಾಫ್ ವರ್ಗದವರಿಗೆ ಇನ್ನೊಂದು ರಕ್ಷೆಯಿದೆ. ಅವರ ಶಿಕ್ಷೆಗಳು ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳ ನಡುವಿನ ಬೈಪಾರ್ಟೈಟ್ (ದ್ವಿಪಕ್ಷೀಯ) ಒಪ್ಪಂದದ ಪ್ರಕಾರ ಆಗುತ್ತವೆ. ಅದರಲ್ಲಿ ‘ನಿಯಮದಂತೆ ಸಲ್ಲಬೇಕಾದ ನಿವೃತ್ತಿ ಸೌಲಭ್ಯಗಳೊಂದಿಗೆ ಸೇವೆಯಿಂದ ತೆಗೆಯುವುದು’ ಎಂಬ ಶಿಕ್ಷೆಯೂ ಒಂದು. ಹೀಗೆ ತೆಗೆದವರಿಗೂ ನಿಯಮ 22 ತೋರಿಸಿ ಪಿಂಚಣಿ ನಿಲ್ಲಿಸಿದ್ದುಂಟು. ಬ್ಯಾಂಕ್ ಆಫ್ ಬರೋಡಾದ ಕ್ಲಾರ್ಕ್ ಒಬ್ಬರ ವಾರಸುದಾರರ ಪ್ರಕರಣದಲ್ಲಿ 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಒಪ್ಪಂದ ಕೊಟ್ಟದ್ದನ್ನು ನಿಯಮ 22 ಕಿತ್ತುಕೊಂಡರೆ ಆ ಶಿಕ್ಷೆಯ ಮಾತುಗಳಿಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಅದರ ತರ್ಕ. ಉಳಿದೆಲ್ಲ ರೀತಿಯಲ್ಲಿ ಪಿಂಚಣಿಗೆ ಅರ್ಹರಾಗಿದ್ದವರಿಗೆ ಅದು ಸಿಗಲೇಬೇಕು.

ಪೂರ್ತಿ ವಜಾ ಆದವರಿಗೂ ನಿಯಮ 31ರಲ್ಲಿ ಅನುಕಂಪದ ಭತ್ಯೆ ಇದೆ. ಪ್ರಕರಣ ವಿಶೇಷ ಪರಿಗಣನೆಗೆ ತಕ್ಕದ್ದೆಂದು ಬ್ಯಾಂಕಿಗೆ ಅನಿಸಿದರೆ, ಸಲ್ಲಬಹುದಾಗಿದ್ದ ಪಿಂಚಣಿಯ ಮೂರನೇ ಎರಡು ಭಾಗದವರೆಗೆ ಕೊಡಬಹುದು. ಇದು ಹಕ್ಕಲ್ಲ, ಬ್ಯಾಂಕಿನ ವಿವೇಚನೆ. ಆದರೂ ಅರ್ಜಿ ಕೊಟ್ಟರೆ ಕಾರಣ ಸಮೇತ ಉತ್ತರ ಪಡೆಯುವ ಹಕ್ಕು ನಿಮ್ಮದು. ಹಣದ ದುರುಪಯೋಗವಲ್ಲದ, ಗೈರುಹಾಜರಿಯಂಥ ತಪ್ಪಿಗೆ ಕೆಲಸ ಕಳೆದುಕೊಂಡು, ದುಡಿಯುವ ಮಕ್ಕಳಿಲ್ಲದ ವೃದ್ಧರು ಈ ಅರ್ಜಿಯನ್ನು ಖಂಡಿತ ಕೊಡಬೇಕು. ಈ ನಿಯಮ ಇದೆ ಎಂಬುದೇ ಗೊತ್ತಿಲ್ಲದೆ ತೀರಿಕೊಂಡವರನ್ನು ನೆನೆದರೆ ಸಂಕಟವಾಗುತ್ತದೆ.

ನಿವೃತ್ತಿಯ ದಿನ ವಿಚಾರಣೆ ಬಾಕಿ ಇದ್ದರೆ? ಆಗ ಪಿಂಚಣಿಯನ್ನು ಪೂರ್ತಿ ತಡೆಹಿಡಿಯುವಂತಿಲ್ಲ, ನಿಯಮ 46ರಂತೆ ತಾತ್ಕಾಲಿಕ ಪಿಂಚಣಿ ಕೊಡಬೇಕು. ನಿವೃತ್ತಿಯ ನಂತರ ಹೊಸದಾಗಿ ವಿಚಾರಣೆ ಆರಂಭಿಸುವುದಾದರೆ ನಿಯಮ 48ರ ಗಡಿ ಇದೆ: ನಾಲ್ಕು ವರ್ಷಕ್ಕಿಂತ ಹಿಂದಿನ ಘಟನೆಯ ಬಗ್ಗೆ ಆರಂಭಿಸುವಂತಿಲ್ಲ. ಚಾರ್ಜ್‌ಶೀಟಿನ ದಿನಾಂಕ ಮತ್ತು ಘಟನೆಯ ದಿನಾಂಕವನ್ನು ಅಕ್ಕಪಕ್ಕ ಇಟ್ಟು ನೋಡಿ.

ಸೇವಾವಧಿ ಸಾಲದು ಎನ್ನುವ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ಆರು ತಿಂಗಳಿಗಿಂತ ಹೆಚ್ಚಿನ ತುಂಡು ಅವಧಿಯನ್ನು ಒಂದು ವರ್ಷವೆಂದು ಎಣಿಸಬೇಕೆಂದು ನಿಯಮ 18 ಹೇಳುತ್ತದೆ. ಒಂಬತ್ತು ವರ್ಷ ಏಳು ತಿಂಗಳಿನವರು ‘ಹತ್ತು ತುಂಬಿಲ್ಲ’ ಎಂಬ ಪತ್ರಕ್ಕೆ ತಲೆಬಾಗುವ ಮೊದಲು ಈ ನಿಯಮವನ್ನು ತೋರಿಸಲಿ. ಸಂಬಳರಹಿತ ರಜೆ, ಅಮಾನತು ಅವಧಿಗಳನ್ನು ಸರ್ವಿಸ್ ಶೀಟಿನಲ್ಲಿ ಹೇಗೆ ಬರೆದಿದ್ದಾರೆ ಎಂಬುದನ್ನೂ ನೋಡಬೇಕು.

ವಕೀಲರಿಗೆ ಮುಂಚೆ

ಬ್ಯಾಂಕಿನ ಎಚ್‌ಆರ್ ವಿಭಾಗದ ಜನರಲ್ ಮ್ಯಾನೇಜರರಿಗೆ ಒಂದು ಮನವಿ ಬರೆಯಿರಿ. ಎರಡು ಪುಟ ಮೀರದಿರಲಿ. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ರೀತಿ, ಯಾವ ನಿಯಮದಡಿ ಪಿಂಚಣಿ ಕೇಳುತ್ತಿದ್ದೀರಿ ಎಂಬುದಿರಲಿ. ನಿರಾಕರಿಸುವುದಾದರೆ ನಿಯಮದ ಸಂಖ್ಯೆ ಮತ್ತು ಕಾರಣ ಸಮೇತ ಆದೇಶ ಕೊಡಿ ಎಂದು ಕೊನೆಯಲ್ಲಿ ಕೇಳಿ. ಸ್ಪೀಡ್‌ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಹೈಕೋರ್ಟು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ಬ್ಯಾಂಕಿಗೆ ಮನವಿ ಕೊಟ್ಟಿದ್ದೀರಾ?’

ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ ತೊಂಬತ್ತು ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ಕೇಳಬೇಕಾದ್ದು: ನಿಮ್ಮ ಸರ್ವಿಸ್ ಶೀಟು, ನೀವು ಕೊಟ್ಟ ಪತ್ರ, ಅದರ ಮೇಲೆ ಕಚೇರಿಯ ಟಿಪ್ಪಣಿಗಳು, ಆಪ್ಷನ್ ಅರ್ಜಿಯ ದಾಖಲೆ, ಪಿಂಚಣಿ ಕಡಿತವಾಗಿದ್ದರೆ ಮಂಡಳಿಯ ನಿರ್ಣಯ. ‘ಏಕೆ ಕೊಡಲಿಲ್ಲ?’ ಎಂದು ಪ್ರಶ್ನೆ ಕೇಳಬೇಡಿ, ದಾಖಲೆಯ ಪ್ರತಿ ಕೇಳಿ. ಕಡತದ ಟಿಪ್ಪಣಿಯಲ್ಲಿ ಕೆಳಗಿನ ಅಧಿಕಾರಿ ‘ಅರ್ಹರು’ ಎಂದು ಬರೆದು, ಮೇಲಿನವರು ಕಾರಣ ಕೊಡದೆ ತಳ್ಳಿಹಾಕಿದ್ದು ಹೊರಬಂದರೆ ಅದೇ ನಿಮ್ಮ ಅರ್ಜಿಯ ಬೆನ್ನೆಲುಬು.

ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ ಮೂಲಕ ಹಣಕಾಸು ಸೇವೆಗಳ ಇಲಾಖೆಗೂ ದೂರು ಸಲ್ಲಿಸಬಹುದು. ಲೆಕ್ಕದ ತಪ್ಪು, ವಿಳಂಬದಂಥವು ಇಲ್ಲಿ ಸರಿಹೋಗುವುದುಂಟು. ನಿಯಮದ ವ್ಯಾಖ್ಯಾನದ ಜಗಳ ಇಲ್ಲಿ ತೀರುವುದಿಲ್ಲ.

ಕಾಲ ಕಳೆಯುವ ಬಾಗಿಲುಗಳು, ತೆರೆಯುವ ಬಾಗಿಲುಗಳು

ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬೇಡಿ, ನೌಕರ ಮತ್ತು ಮಾಲೀಕರ ನಡುವಿನ ವಿವಾದ ಅವರ ವ್ಯಾಪ್ತಿಯಲ್ಲಿಲ್ಲ. ಗ್ರಾಹಕ ಆಯೋಗವೂ ಇಂಥ ಸೇವಾ ವಿವಾದಕ್ಕೆ ತಕ್ಕ ಜಾಗವಲ್ಲ. ಕೇಂದ್ರ ಆಡಳಿತ ನ್ಯಾಯಮಂಡಳಿ ಕೇಂದ್ರ ಸರ್ಕಾರಿ ನೌಕರರಿಗಾಗಿ ಇರುವುದು. ಸಾರ್ವಜನಿಕ ವಲಯದ ಬ್ಯಾಂಕಿನವರ ಪಿಂಚಣಿ ಅಲ್ಲಿ ನಡೆಯುವುದಿಲ್ಲ.

ಮುಖ್ಯ ಬಾಗಿಲು ಹೈಕೋರ್ಟ್. ಸಾರ್ವಜನಿಕ ವಲಯದ ಬ್ಯಾಂಕು ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ಪ್ರಭುತ್ವದ ಭಾಗ. ಆದ್ದರಿಂದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ನಿರಾಕರಣೆಯ ಆದೇಶ ರದ್ದು ಮಾಡಿ, ಪಿಂಚಣಿ ಮಂಜೂರು ಮಾಡಲು ನಿರ್ದೇಶಿಸಿ, ಬಾಕಿಯನ್ನು ಬಡ್ಡಿ ಸಮೇತ ಕೊಡಿಸಿ ಎಂದು ಮೂರನ್ನೂ ಕೇಳಬೇಕು. ಬ್ಯಾಂಕಿನ ಕೇಂದ್ರ ಕಚೇರಿ ಮುಂಬೈಯಲ್ಲಿದ್ದರೂ ನೀವು ಕರ್ನಾಟಕದಲ್ಲಿ ಕೆಲಸ ಮಾಡಿ ಇಲ್ಲೇ ನಿವೃತ್ತರಾಗಿದ್ದರೆ ಇಲ್ಲಿ ಅರ್ಜಿ ಹಾಕಲು ಅಡ್ಡಿಯಿಲ್ಲ. ಬೆಳಗಾವಿ, ಉತ್ತರ ಕನ್ನಡ, ಬಳ್ಳಾರಿ ಕಡೆಯವರಿಗೆ ಧಾರವಾಡ ಪೀಠ, ಬೀದರ್, ರಾಯಚೂರು, ವಿಜಯಪುರದವರಿಗೆ ಕಲಬುರಗಿ ಪೀಠ. ಪಿಂಚಣಿ ಭಿಕ್ಷೆಯಲ್ಲ, ದುಡಿಮೆಯಿಂದ ಗಳಿಸಿದ ಹಕ್ಕು ಎಂದು ಸಂವಿಧಾನ ಪೀಠ ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ಹೇಳಿತು. ಪಿಂಚಣಿದಾರರ ದಿನ ಆಚರಿಸುವುದು ಅದೇ ದಿನಾಂಕಕ್ಕೆ. ಪಿಂಚಣಿ ಸ್ವತ್ತು, ಕಾನೂನಿನ ಅಧಿಕಾರವಿಲ್ಲದೆ 300ಎ ವಿಧಿಯ ವಿರುದ್ಧ ಕಿತ್ತುಕೊಳ್ಳಲಾಗದು ಎಂದು ಜಾರ್ಖಂಡ್ ಸರ್ಕಾರದ ಪ್ರಕರಣದಲ್ಲಿ 2013ರಲ್ಲಿ ಮತ್ತೆ ಬಂತು.

ಕ್ಲಾರ್ಕ್ ಮತ್ತು ಸಬ್‌ಸ್ಟಾಫ್‌ಗೆ ಕಾರ್ಮಿಕ ಕಾನೂನಿನ ದಾರಿಯೂ ಇದೆ. ಬ್ಯಾಂಕುಗಳಿಗೆ ಸಂಬಂಧಿಸಿದಂತೆ ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಬೇಕು, ರಾಜ್ಯದ್ದಕ್ಕಲ್ಲ. ನ್ಯಾಯಮಂಡಳಿಯೂ ಕೇಂದ್ರದ್ದೇ, ಬೆಂಗಳೂರಿನಲ್ಲಿದೆ. ಹಕ್ಕು ಈಗಾಗಲೇ ಸಾಬೀತಾಗಿದ್ದು ಮೊತ್ತ ಮಾತ್ರ ಲೆಕ್ಕ ಹಾಕಿ ವಸೂಲಿ ಮಾಡಬೇಕಿದ್ದರೆ ಕೈಗಾರಿಕಾ ವಿವಾದ ಕಾಯ್ದೆಯ 33ಸಿ(2) ಅರ್ಜಿ ಬಹಳ ಕಾಲದಿಂದ ಉಪಯೋಗಕ್ಕೆ ಬರುತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹೊಸ ಅರ್ಜಿಯ ನಮೂನೆ ಮತ್ತು ಕಲಂಗಳನ್ನು ಕಾರ್ಮಿಕ ವಕೀಲರ ಬಳಿ ಕೇಳಿಕೊಂಡೇ ಮುಂದುವರಿಯಿರಿ. ಹಕ್ಕೇ ವಿವಾದದಲ್ಲಿದ್ದರೆ ಈ ದಾರಿ ಉದ್ದವಾಗುತ್ತದೆ, ಹೈಕೋರ್ಟೇ ಲೇಸು. ಅಧಿಕಾರಿಗಳಿಗೆ ಕಾರ್ಮಿಕ ನ್ಯಾಯಮಂಡಳಿ ಇಲ್ಲ.

ಖಾಸಗಿ ಬ್ಯಾಂಕಿನವರ ಪರಿಸ್ಥಿತಿ ಬೇರೆ. ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಬ್ಯಾಂಕಿನ ವಿರುದ್ಧ ಸಾಮಾನ್ಯವಾಗಿ ರಿಟ್ ನಡೆಯುವುದಿಲ್ಲ ಎಂದಿದೆ. ಅವರಿಗಿರುವುದು ಕಾರ್ಮಿಕ ವರ್ಗದವರಾದರೆ ಕಾರ್ಮಿಕ ನ್ಯಾಯಮಂಡಳಿ, ಅಧಿಕಾರಿಗಳಾದರೆ ಸಿವಿಲ್ ದಾವೆ. ಸಿವಿಲ್ ದಾವೆಗೆ ಮೂರು ವರ್ಷದ ಕಾಲಮಿತಿ ಕಟ್ಟುನಿಟ್ಟು, ನಿರಾಕರಣೆಯ ಪತ್ರ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ತಡವಾದರೆ ಏನಾಗುತ್ತದೆ

‘ಹದಿನೈದು ವರ್ಷವಾಯಿತು, ಇನ್ನು ಕೇಳಬಹುದೇ?’ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಪಿಂಚಣಿ ಪ್ರತಿ ತಿಂಗಳೂ ಸಲ್ಲಬೇಕಾದದ್ದು, ಪ್ರತಿ ತಿಂಗಳೂ ತಪ್ಪು ಮರುಕಳಿಸುತ್ತದೆ. ಹಾಗಾಗಿ ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಆಗಬೇಕಿಲ್ಲ ಎಂದು ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪಿನ ಇನ್ನೊಂದು ಅರ್ಧವನ್ನೂ ಓದಬೇಕು: ಬಾಕಿ ಸಿಗುವುದು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಹದಿನೈದು ವರ್ಷ ಕಾದವರು ಗೆದ್ದರೂ ಹನ್ನೆರಡು ವರ್ಷದ ಹಣ ಕೈಬಿಟ್ಟಂತೆ. ಬ್ಯಾಂಕಿಗೆ ಮನವಿಯ ಮೇಲೆ ಮನವಿ ಬರೆಯುತ್ತಾ ಹೋದರೆ ಈ ಗಡಿಯಾರ ನಿಲ್ಲುವುದಿಲ್ಲ. ಒಂದು ಮನವಿ, ಒಂದು ಜ್ಞಾಪನಾ ಪತ್ರ, ಉತ್ತರ ಬಾರದಿದ್ದರೆ ಕೋರ್ಟು.

ರಾಜೀನಾಮೆಯನ್ನೋ ವಜಾ ಆದೇಶವನ್ನೋ ಪ್ರಶ್ನಿಸಿಯೇ ಪಿಂಚಣಿ ಪಡೆಯಬೇಕಾದ ಪ್ರಕರಣಗಳಲ್ಲಿ ಮರುಕಳಿಸುವ ತಪ್ಪಿನ ಈ ವಾದ ನಡೆಯುವುದು ಕಷ್ಟ. ಅಲ್ಲಿ ಮೂಲ ಆದೇಶಕ್ಕೇ ತಡ ಅಂಟಿಕೊಳ್ಳುತ್ತದೆ.

ಗ್ರಾಮೀಣ ಬ್ಯಾಂಕಿನವರು ಗೆದ್ದ ಬಗೆ

ಒಬ್ಬೊಬ್ಬರೇ ಹೋರಾಡುವುದಕ್ಕಿಂತ ಒಟ್ಟಾಗಿ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಗ್ರಾಮೀಣ ಬ್ಯಾಂಕುಗಳ ನಿವೃತ್ತರಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಹಳ್ಳಿಗಳಲ್ಲಿ ಶಾಖೆ ತೆರೆದು, ಬಸ್ಸು ಹೋಗದ ಕಡೆಗೂ ಸಾಲ ವಸೂಲಿಗೆ ನಡೆದುಹೋದ ಇವರಿಗೆ ಪ್ರಾಯೋಜಕ ಬ್ಯಾಂಕಿನ ಸಮಾನ ವೇತನವೇ ಇರಲಿಲ್ಲ. ನ್ಯಾಯಮೂರ್ತಿ ಓಬುಲ್ ರೆಡ್ಡಿ ಅವರ ರಾಷ್ಟ್ರೀಯ ಕೈಗಾರಿಕಾ ನ್ಯಾಯಮಂಡಳಿ 1990ರಲ್ಲಿ ಕೊಟ್ಟ ತೀರ್ಪು 1987ರ ಸೆಪ್ಟೆಂಬರ್ 1ರಿಂದ ಸಮಾನತೆ ತಂದಿತು. 2001ರಲ್ಲಿ ಸೌತ್ ಮಲಬಾರ್ ಗ್ರಾಮೀಣ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸಮಾನತೆಯನ್ನು ಎತ್ತಿಹಿಡಿಯಿತು. ಆದರೂ ಪಿಂಚಣಿ ಬರಲಿಲ್ಲ. ವೇತನ ಸಮಾನವಾದರೆ ಪಿಂಚಣಿ ಏಕೆ ಸಮಾನವಲ್ಲ ಎಂದು ನಿವೃತ್ತರು ಕರ್ನಾಟಕ ಮತ್ತು ರಾಜಸ್ಥಾನ ಹೈಕೋರ್ಟುಗಳಿಗೆ ಹೋದರು, ಗೆದ್ದರು. ಕೇಂದ್ರ ಸರ್ಕಾರ ಮೇಲ್ಮನವಿ ಹೋಯಿತು. 2018ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ನೌಕರರ ಪರ ನಿಂತಿತು.

ಅದರಿಂದ ಬಂದ 2018ರ ಪಿಂಚಣಿ ನಿಯಮಾವಳಿಯು 1987ರ ಸೆಪ್ಟೆಂಬರ್ 1ರಿಂದ 2010ರ ಮಾರ್ಚ್ 31ರ ನಡುವೆ ಸೇವೆಯಲ್ಲಿದ್ದವರಿಗೆ ಅನ್ವಯಿಸಿತು. ಹಣ ಮಾತ್ರ 2018ರ ಏಪ್ರಿಲ್‌ನಿಂದ ಎಂದರು. ಮತ್ತೆ ಹೋರಾಟ. 2024ರಲ್ಲಿ, ವಾಣಿಜ್ಯ ಬ್ಯಾಂಕಿನವರಂತೆ 1993ರ ನವೆಂಬರ್ 1ರಿಂದಲೇ ಪಿಂಚಣಿ ಲೆಕ್ಕ ಹಾಕಲು ಕೇಂದ್ರ ಒಪ್ಪಿತು. ಈ ಮಧ್ಯೆ ಎಷ್ಟೋ ಮಂದಿ ತೀರಿಕೊಂಡರು. ಅವರ ಹೆಂಡತಿ ಮಕ್ಕಳಿಗೆ ತಮಗೆ ಬಾಕಿ ಸಲ್ಲಬೇಕೆಂಬುದು ತಿಳಿದಿರಲಿಕ್ಕಿಲ್ಲ. ಪ್ರಗತಿ, ಕೃಷ್ಣಾ, ಕಾವೇರಿ, ವಿಕಾಸ ಎಂದು ಯಾವ ಹೆಸರಿನ ಗ್ರಾಮೀಣ ಬ್ಯಾಂಕಿನಲ್ಲಿ ದುಡಿದಿದ್ದರೂ ಇಂದು ಕೇಳಬೇಕಾದದ್ದು ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕನ್ನು.

ಗೆದ್ದ ಮೇಲೆ, ಮತ್ತು ಮನೆಯವರಿಗೆ

ಏಕಸದಸ್ಯ ಪೀಠದಲ್ಲಿ ಗೆದ್ದರೆ ಬ್ಯಾಂಕು ಮೂವತ್ತು ದಿನದಲ್ಲಿ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಹೋಗಬಹುದು. ಮೇಲ್ಮನವಿ ಹೋದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇಕು. ತಡೆ ಕೊಡುವುದಾದರೂ ಬಾಕಿಯ ಒಂದು ಪಾಲನ್ನು ಠೇವಣಿ ಇಡಲು ಹೇಳಿ ಎಂದು ನಿಮ್ಮ ವಕೀಲರು ಕೇಳಲಿ. ತಡೆಯೂ ಇಲ್ಲ, ಪಾಲನೆಯೂ ಇಲ್ಲ ಎಂದಾದರೆ ನ್ಯಾಯಾಂಗ ನಿಂದನೆಯ ಅರ್ಜಿ. ಅದಕ್ಕೆ ಕಾಲಮಿತಿ ಒಂದು ವರ್ಷ. ಹಿರಿಯ ನಾಗರಿಕರೆಂದು ಬೇಗ ವಿಚಾರಣೆಗೆ ಮೆಮೊ ಕೊಡುವುದನ್ನು ಮರೆಯಬೇಡಿ, ವಯಸ್ಸಿನ ದಾಖಲೆ ಮತ್ತು ವೈದ್ಯಕೀಯ ಕಾಗದ ಜೊತೆಗಿರಲಿ.

ಬಂದ ಪಿಂಚಣಿಯನ್ನು ನಿಮ್ಮ ಹಳೆಯ ಸಾಲದ ಡಿಕ್ರಿಗೆ ಜಪ್ತಿ ಮಾಡಲು ಬರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅದನ್ನು ಕಾಯುತ್ತದೆ.

ಅರ್ಜಿದಾರರು ನಡುವೆ ತೀರಿಕೊಂಡರೆ ಪ್ರಕರಣ ಅವರೊಂದಿಗೆ ಮುಗಿಯುವುದಿಲ್ಲ. ವಾರಸುದಾರರು ಅರ್ಜಿ ಹಾಕಿ ಮುಂದುವರಿಸಬಹುದು: ಸಾವಿನ ದಿನದವರೆಗಿನ ಬಾಕಿ ಅವರಿಗೆ, ನಂತರದ ಕುಟುಂಬ ಪಿಂಚಣಿ ಪತ್ನಿ ಅಥವಾ ಪತಿಗೆ. ಕುಟುಂಬ ಪಿಂಚಣಿಯನ್ನು ಗರಿಷ್ಠ ಮಿತಿಯಿಲ್ಲದೆ ಕೊನೆಯ ವೇತನದ ಶೇ 30ಕ್ಕೆ ಏರಿಸುವುದಾಗಿ 2021ರಲ್ಲಿ ಕೇಂದ್ರ ಘೋಷಿಸಿ ಜಾರಿಗೆ ತಂದಿದೆ. ಹಳೆಯ ದರದಲ್ಲೇ ಪಡೆಯುತ್ತಿರುವವರು ಶಾಖೆಯಲ್ಲಿ ವಿಚಾರಿಸಬೇಕು. ಮೊಕದ್ದಮೆಯ ಖರ್ಚಿಗೆ ಹೆದರುವ ಹೆಂಗಸರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರನ್ನು ಕೊಡುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿನ ಪ್ರಾಧಿಕಾರದ ಕಚೇರಿ ಅಥವಾ ಹೈಕೋರ್ಟಿನ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು, ಸಹಾಯವಾಣಿ 15100. ಗಂಡನ ರಿಲೀವಿಂಗ್ ಆರ್ಡರ್, ಪಿಎಫ್ ಲೆಕ್ಕದ ಚೀಟಿ, ಬ್ಯಾಂಕಿನ ನಿರಾಕರಣೆಯ ಪತ್ರ, ಮರಣ ಪ್ರಮಾಣಪತ್ರ ಇವಿಷ್ಟನ್ನು ಒಂದು ಫೈಲಿಗೆ ಹಾಕಿ ಒಯ್ದರೆ ಮೊದಲ ದಿನದ ಕೆಲಸ ಸಾಗುತ್ತದೆ.